ಸೋನಗರಿಯ ಗವರ್

ನನ್ನ ಓರಗಿತ್ತಿಗೆ ತಂದೆತಾಯಿ ಇಟ್ಟ ಹೆಸರು ಮೋಹನ್ ಕಂವರ್. ನಮ್ಮ ಮನೆಯಲ್ಲಿ ಆ ಹೆಸರು ಹಿಡಿದು ಯಾರೂ ಕರೆಯಲಿಲ್ಲ. ರಜಪೂತರ ಸೊಸೆಗೆ ತವರಿನ ಕುಲವೇ ಹೆಸರು. ನಾನು ದೇವಡಿ, ಅವಳು ಸೋನಗರಿ. ಜಾಲೋರದ ಕಡೆಯವಳು, ಎತ್ತರದ ಹುಡುಗಿ, ಮುಸುಕಿನೊಳಗಿಂದಲೂ ಅವಳ ನಗು ಕೇಳಿಸುತ್ತಿತ್ತು.

ಮದುವೆಯಾಗಿ ಬಂದ ವರ್ಷ, ಹೋಳಿಯ ಮರುದಿನ ಬೆಳಿಗ್ಗೆ, ಹೋಳಿ ಸುಟ್ಟ ಬೂದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಅತ್ತೆ ಚರಕದ ಮುಂದೆ ಕೂತಿದ್ದರು.

"ಏನದು ಸೆರಗಲ್ಲಿ?"

"ಬೂದಿ, ಸಾಸೂಸಾ. ಗವರ್ ಪೂಜೆಗೆ ಉಂಡೆ ಕಟ್ಟೋಕೆ."

"ತಿಪ್ಪೆಗೆ ಸುರಿದು ಕೈ ತೊಳ್ಕೋ. ಈ ಮನೇಲಿ ಗವರ್ ಇಲ್ಲ. ನಿಮ್ಮಪ್ಪ ವರನ ಮೀಸೆ ನೋಡಿ ಮರುಳಾದನೇ ಹೊರತು ಮನೆ ರೀತಿ ಕೇಳ್ಲಿಲ್ವಾ?"

ಗವರ್ ಎಂದರೆ ನಮ್ಮ ಕಡೆಯ ಗೌರಿ, ಚೈತ್ರದಲ್ಲಿ ಅವಳ ಹಬ್ಬ. ನಮ್ಮ ಮನೆಯ ರೀತಿ ಹೀಗಿತ್ತು. ಮಾವನವರ ಅಜ್ಜ ಪಕ್ಕದ ಠಾಕೂರರ ಗವರ್ ಮೂರ್ತಿಯನ್ನು ಮೆರವಣಿಗೆಯಿಂದಲೇ ಹಾರಿಸಿಕೊಂಡು ಬರಲು ಹೋಗಿ ಕತ್ತಿಗೆ ಬಲಿಯಾಗಿದ್ದರು. ರಾಜರ ಕಾಲದಲ್ಲಿ ಅದು ಪೌರುಷ. ಸಾವಾದ ದಿನದ ಹಬ್ಬ ಆ ಮನೆಗೆ ನಿಷಿದ್ಧ. ಅದೇ ಹಬ್ಬದ ದಿನ ಮನೆಯಲ್ಲಿ ಗಂಡು ಹುಟ್ಟಿದರೆ ಮಾತ್ರ ಕಟ್ಟು ಬಿಚ್ಚುತ್ತದೆ. ಹಸು ಹೋರಿಗರು ಹಾಕಿದರೂ ಆಯಿತು. ಅಲ್ಲಿಯವರೆಗೆ ಊರಿನ ಮುತ್ತೈದೆಯರೆಲ್ಲ ಕೆಂಪುಟ್ಟು, ಗಂಡನ ಆಯುಷ್ಯ ಬೇಡುತ್ತ ಕೆರೆಗೆ ಹೋಗುವಾಗ ನಾವು ಬಾಗಿಲು ಹಾಕಿಕೊಂಡು ಕೂರಬೇಕು.

ನನಗೆ ಅದು ರೂಢಿಯಾಗಿತ್ತು. ಸೋನಗರಿಗೆ ಆಗಲಿಲ್ಲ. ಮದುವೆಯಾದ ಮೊದಲ ಗವರ್‌ಗೆಂದು ಅವಳ ತಾಯಿ ಗೋಟಾ ಜರಿಯಂಚು ಹೊಲಿಸಿಕೊಟ್ಟ ಓಢಣಿಯನ್ನು ಪೆಟ್ಟಿಗೆಯಿಂದ ತೆಗೆಯುವಳು, ಮಡಿಸುವಳು, ಮತ್ತೆ ಇಡುವಳು.

"ಭಾಭೀಸಾ, ಒಂದೇ ಒಂದ್ಸಲ ಬಿಂದಿಗೆ ಹೊತ್ಕೊಂಡು ಎಲ್ಲರ ಜೊತೆ ಕೆರೆಗೆ ಹೋಗ್ಬೇಕು. ಆಮೇಲೆ ಸತ್ರೂ ಸರಿ."

"ಹಂಗಾದ್ರೆ ಹಸೂನ ಕೇಳು. ನಿನಗಿಂತ ಮುಂಚೆ ಅದೇ ಹೆರುತ್ತೆ."

ಹಸು ನಿಜವಾಗಿಯೂ ಒಂದು ವರ್ಷ ಹಬ್ಬದ ದಿನವೇ ಕರು ಹಾಕಿತು. ಸೋನಗರಿ ಕೊಟ್ಟಿಗೆಗೆ ಓಡಿ, ಬಾಲ ಎತ್ತಿ ನೋಡಿ, ಹಣೆ ಬಡಿದುಕೊಂಡಳು. ಕಡಸು.

ಅವಳ ಗಂಡ ಗುಮಾನಸಿಂಗನಿಗೆ ಮುಂಬಯಿಯ ದೊಡ್ಡ ಹೋಟೆಲಿನಲ್ಲಿ ಕೆಲಸ. ರುಮಾಲು ಸುತ್ತಿ, ಮೀಸೆ ತಿರುವಿ, ಬಂದವರ ಕಾರಿನ ಬಾಗಿಲು ತೆಗೆಯುವುದು. ರಾಜ್ಯ, ಜಹಗೀರು ಎಲ್ಲ ಹೋದ ಮೇಲೆ ನಮ್ಮ ಗಂಡಸರ ಮೀಸೆಗೆ ಸಂಬಳ ಸಿಗುತ್ತಿದ್ದದ್ದು ಅಲ್ಲಿಯೇ. ಮಳೆಗಾಲದ ರಜೆಗೆ ಬಂದು ಹೋಗುತ್ತಿದ್ದ. ಮೊದಲು ಹೆಣ್ಣು ಹುಟ್ಟಿತು, ಮಾಘದಲ್ಲಿ. ಎರಡನೆಯದು ದಿನ ತುಂಬುವ ಹೊತ್ತಿಗೆ ಚೈತ್ರ ಬಂದಿತ್ತು.

ಹಬ್ಬದ ಮಧ್ಯಾಹ್ನ ನೋವು ಕಾಣಿಸಿತು. ಸೂಲಗಿತ್ತಿ ಹಂಜಾ ಬಂದಳು. ನೋವಿನ ನಡುವೆಯೂ ಸೋನಗರಿ ಕೇಳುತ್ತಾಳೆ:

"ಡೋಲು ಹೊರಡ್ತಾ? ಗವರ್ ಇನ್ನೂ ಕೆರೆ ಹತ್ರಾನೇ ಇದಾಳಾ?"

"ಗವರ್ ಎಲ್ಲಿಗೂ ಹೋಗಲ್ಲ ಕಣವ್ವ," ಎಂದಳು ಹಂಜಾ, "ನೀನು ಉಸಿರು ಬಿಡು. ಮೊದಲು ಇದು ಹೊರಗೆ ಬರ್ಲಿ."

ಗಂಡು. ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಅತ್ತೆ ಕಂಚಿನ ತಟ್ಟೆ ಹಿಡಿದು ಹೊರಗೆ ಓಡಿ, ಕೈ ನೋಯುವವರೆಗೆ ಬಡಿದರು. ಗಂಡ ತೀರಿದ ಮೇಲೆ ಅವರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಗವರಳ ಗಂಡ ಶಿವನ ಹೆಸರೇ ಇರಲಿ ಎಂದು ಮಗುವಿಗೆ ಈಸರಸಿಂಗ ಎಂದೇ ಹೆಸರಿಟ್ಟರು. ಬಾಣಂತಿ ಪೂಜೆ ಮುಟ್ಟುವಂತಿಲ್ಲ. "ಮುಂದಿನ ವರ್ಷ, ಭಾಭೀಸಾ," ಎಂದಳು ಸೋನಗರಿ. ಆ ಓಢಣಿಗೆ ಬೇವಿನೆಲೆ ಹಾಕಿಟ್ಟಳು.

ಮರುವರ್ಷ ಹೋಳಿ ಹಬ್ಬಕ್ಕೆ ಸ್ವಲ್ಪ ಮುಂಚೆ ಮುಂಬಯಿಯಿಂದ ತಂತಿ ಬಂತು. ಕಾಮಾಲೆ. ನಾವು ಕಾಯಿಲೆಯ ಸುದ್ದಿ ಕೇಳುವ ಮೊದಲೇ ಗುಮಾನಸಿಂಗನನ್ನು ಅಲ್ಲಿಯೇ ಸುಟ್ಟಿದ್ದರು.

ಸೋನಗರಿಯ ಬಳೆ ಒಡೆದು, ಮಣ್ಣಿನ ಬಣ್ಣದ ಓಢಣಿ ಹೊದಿಸಿ, ನಮ್ಮಲ್ಲಿ ವಿಧವೆಯರನ್ನು ಕೂರಿಸುವಂತೆ ಮೂಲೆಯಲ್ಲಿ ಕೂರಿಸಿದರು. ಗವರ್ ಬಂತು. ಈ ವರ್ಷ ಬೇಡವೆಂದು ನಾನು ಅತ್ತೆಗೆ ಹೇಳಿದೆ.

"ಹೋಗು," ಎಂದರು. "ಇಷ್ಟು ತಲೆಮಾರಿಂದ ಕಾದಿದ್ದೀವಿ. ನೀನೂ ಹೋಗ್ದಿದ್ರೆ ಹಬ್ಬ ಮತ್ತೆ ಕಟ್ಟಿಹೋಗುತ್ತೆ. ಇದನ್ನ ಬಿಡಿಸೋಕೆ ನನ್ನ ಮಗನ್ನೇ ಕೊಟ್ಟಿದ್ದೀವಿ, ಗೊತ್ತಲ್ಲ ನಿನಗೆ."

ಮೂಲೆಗೆ ಕೇಳಿಸುವ ಹಾಗೆಯೇ ಹೇಳಿದರು.

ನಾನು ಕೆಂಪುಟ್ಟು ಬಿಂದಿಗೆ ಎತ್ತಿದೆ. ಸಿಂಬಿ ಜಾರಿತು. ಅದನ್ನು ಸರಿಮಾಡಲು ಮೂಲೆಯಿಂದ ಸೋನಗರಿಯ ಕೈ ಚಾಚಿತು. ಮುಟ್ಟಬಾರದೆಂದು ನೆನಪಾಗಿ ಹಾಗೆಯೇ ಹಿಂದಕ್ಕೆ ಹೋಯಿತು. ಕೆರೆಯ ಹತ್ತಿರ ಹೆಂಗಸರು, "ಬಂದ್ರಲ್ಲಪ್ಪಾ ನಿಮ್ಮನೆಯವರೂ!" ಎಂದು ನನ್ನನ್ನು ನಡುವೆ ನಿಲ್ಲಿಸಿಕೊಂಡರು. ನಾನು ಬಗ್ಗಿ ಬಿಂದಿಗೆ ತುಂಬಿಕೊಂಡೆ.

ಮರಳಿ ಬಂದಾಗ ಅವಳು ಕೇಳಿದಳು: "ಗವರ್‌ಗೆ ಯಾವ ಬಣ್ಣ ಉಡಿಸಿದ್ರು?"

"ಕೇಸರಿ."

"ಕೆರೆ ನೀರು ಕುಡಿಸಿದ್ರಾ ಅವಳಿಗೆ?"

"ಹೂಂ."

ಗೋಡೆಯ ಕಡೆ ತಿರುಗಿದಳು.

ಆಮೇಲೆ ಬಹಳ ವರ್ಷ ಬದುಕಿದಳು. ಮಗನಿಗೆ ಉಣ್ಣಿಸಿದಳು, ಓದಿಸಿದಳು, ಜ್ವರ ಬಂದರೆ ನಿದ್ದೆಗೆಟ್ಟಳು. ಆದರೆ ಗವರ್ ದಿನ ಅವನನ್ನು ಎತ್ತಿಕೊಳ್ಳುತ್ತಿರಲಿಲ್ಲ, ನನ್ನ ಮಡಿಲಿಗೆ ಹಾಕಿ ಒಳಗೆ ಹೋಗಿಬಿಡುವಳು. ಬೆಳೆದ ಮೇಲೂ ಅವನು ಹುಟ್ಟಿದ ದಿನವೆಂದು ಕಾಲು ಮುಟ್ಟಲು ಬಂದರೆ ಬಾಗಿಲು ಹಾಕಿಕೊಳ್ಳುವಳು. ಒಮ್ಮೆ ಅವನು ನನ್ನ ಹತ್ತಿರ ಬಂದು ಕೂತ.

"ಬಡೀಮಾ, ನಾನೇನು ತಪ್ಪು ಮಾಡಿದೆ?"

ಹೊರಗೆ ಡೋಲು ಹೋಗುತ್ತಿತ್ತು. ಊಟ ಮಾಡು ಬಾ ಎಂದೆ.