ಮಂದಿ ಕೂಸು

ದೊಡ್ಡವ್ವನ ಕಣ್ಣರೆಪ್ಪೆಯ ಬುಡದಲ್ಲಿ ಸದಾ ಒಂದು ಹಳದಿ ಗೆರೆ ಇರುತ್ತಿತ್ತು. ಸೇಡಂನ ಬೇಳೆ ಮಿಲ್ಲಿನಲ್ಲಿ ಅವಳು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಸಂಜೆ ಮನೆಗೆ ಬಂದು ಎಷ್ಟು ಮುಖ ತೊಳೆದರೂ ಆ ಧೂಳು ಒಂದಿಷ್ಟು ಅಲ್ಲೇ ಉಳಿಯುತ್ತಿತ್ತು. ಅವಳು ಕಣ್ಣು ಮುಚ್ಚಿದಾಗ ಕಾಣುತ್ತಿತ್ತು. ಸದಾ ಎಂದೆ, ಅದು ಸರಿಯಲ್ಲ. ಮಳೆಗಾಲದಲ್ಲಿ ಮಿಲ್ಲು ವಾರಗಟ್ಟಲೆ ನಿಂತಿರುತ್ತಿತ್ತು. ಆಗ ಅವಳ ರೆಪ್ಪೆಯೂ ಎಲ್ಲರ ಹಾಗೆ ಕಪ್ಪಗೇ ಇದ್ದಿರಬೇಕು. ಆ ಕಪ್ಪು ರೆಪ್ಪೆಯ ದೊಡ್ಡವ್ವ ನನಗೆ ನೆನಪಾಗುವುದೇ ಇಲ್ಲ. ಮುಂದೆ ಬರೆಯುವುದರಲ್ಲೂ ಇಂಥ ತಪ್ಪುಗಳಿರುತ್ತವೆ; ಗೊತ್ತಾದಲ್ಲಿ ಹೇಳುತ್ತೇನೆ.

ಅವಳು ನನ್ನ ತಾಯಿಯ ಅಕ್ಕ. ವಾಡಿಯ ಸಿಮೆಂಟ್ ಕಾಲೋನಿಯಲ್ಲಿ ಮನೆಗೆಲಸಕ್ಕಿದ್ದ ನನ್ನ ತಾಯಿ, ಅಲ್ಲಿ ಕಾವಲಿಗಿದ್ದ ನೇಪಾಳದವನನ್ನು ಮದುವೆಯಾಗಿ ಅವನ ಗುಡ್ಡದ ಊರಿಗೆ ಹೋದಳು. ನಾನು ಹುಟ್ಟಿದ್ದು ಅಲ್ಲೇ. ನನಗೆ ಐದು ವರ್ಷವಿದ್ದಾಗ ತಾಯಿ ತೀರಿಕೊಂಡಳು. ತಂದೆ ಇನ್ನೊಂದು ಮದುವೆಗೆ ಸಿದ್ಧನಾಗಿದ್ದ. ಫೋನಿನಲ್ಲಿ ಸುದ್ದಿ ಬಂದ ವಾರದೊಳಗೆ ದೊಡ್ಡವ್ವ ಮೂರು ರೈಲು, ಎರಡು ಬಸ್ಸು ಬದಲಿಸಿ ಅಲ್ಲಿಗೆ ಬಂದಿಳಿದಳು. ಅದುವರೆಗೆ ಕಲಬುರಗಿ ದಾಟಿ ಹೋದವಳಲ್ಲ. ಹಿಂದಿ ಬರುತ್ತಿರಲಿಲ್ಲ. ಪಕ್ಕದ ಮನೆಯಲ್ಲಿದ್ದ ಬಳೆ ಮಾರುವ ಖಾಲಾಳಿಂದ ಕಲಿತ ದಖನಿ ಉರ್ದುವಿನಲ್ಲೇ ‘ಹೌ’, ‘ನಕ್ಕೋ’ ಎನ್ನುತ್ತ ಹೋಗಿ ಬಂದಳು. ಗಡಿಯಲ್ಲಿ ಯಾರೂ ಏನೂ ಕೇಳಲಿಲ್ಲವಂತೆ.

ನಾವು ವಾಡಿ ಜಂಕ್ಷನ್ನಿನಲ್ಲಿ ಇಳಿದಾಗ ಮಳೆ ಸುರಿಯುತ್ತಿತ್ತು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಕಡು ಬೇಸಿಗೆ, ಹಾದಿಯಲ್ಲಿ ನನ್ನ ಅಂಗಾಲು ಸುಟ್ಟು ಬೊಬ್ಬೆಗಳು ಎದ್ದಿದ್ದವು ಎಂದು ಖಾಲಾ ಹೇಳುತ್ತಾಳೆ. ಮಳೆ ಗುಡ್ಡದ ಊರಿನದಿರಬೇಕು.

ದೊಡ್ಡವ್ವನಿಗೆ ಗಂಡನಿರಲಿಲ್ಲ. ಹುಟ್ಟಿದ ಇಬ್ಬರು ಮಕ್ಕಳೂ ವರ್ಷ ತುಂಬುವ ಮೊದಲೇ ಹೋಗಿದ್ದರು. ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪವ್ವ ಎಂದು ಕರೆಯುವುದುಂಟು. ಇಲ್ಲವೇ ಮೊರದಲ್ಲಿ ಮಲಗಿಸಿ ಇನ್ನೊಬ್ಬರಿಗೆ ಮಾರಿಬಿಡುವುದುಂಟು. ಒಯ್ಯಲು ಬಂದ ಸಾವು ಇದು ಈ ಮನೆಯ ಕೂಸಲ್ಲವೆಂದು ಮೋಸಹೋಗಿ ತಿರುಗಿ ಹೋಗಲಿ ಎಂದು. ಐದು ವರ್ಷದ ನಾನು ಮೊರದಲ್ಲಿ ಹಿಡಿಸುವಂತಿರಲಿಲ್ಲ. ಬಂದ ಮರುದಿನವೇ ನನ್ನನ್ನು ಖಾಲಾಳ ಹೊಸ್ತಿಲ ಮೇಲೆ ಕೂರಿಸಿದರು. ಖಾಲಾ ಒಂದು ಮೊರ ಜೋಳ ಕೊಟ್ಟಳು, ದೊಡ್ಡವ್ವ ಸೆರಗಿನಲ್ಲಿ ಹಾಕಿಸಿಕೊಂಡಳು. ಅಂದಿನಿಂದ ನಾನು ಖಾಲಾಳ ಮಗಳು, ದೊಡ್ಡವ್ವನ ಮನೆಯಲ್ಲಿ ಇರುವವಳು.

ಖಾಲಾ ಇದನ್ನೇ ಇಟ್ಟುಕೊಂಡು ಕಾಡುತ್ತಿದ್ದಳು. “ನನ್ನ ಜ್ವಾಳ ತಿರಗಿ ಕೊಡು ಬೇ. ಈ ಪೋರಿ ರೊಟ್ಟಿ ಮುಟ್ಟಂಗಿಲ್ಲ, ಬರೇ ಅನ್ನ ಅನ್ನ ಅಂತಾಳ. ಭಾಳ ಲುಕ್ಸಾನ್ ಆತು ನನಗ.”

“ಮಾರಿದ ಮಾಲು ವಾಪಸ್ ಇಲ್ಲ, ಖಾಲಾ,” ಎನ್ನುತ್ತಿದ್ದಳು ದೊಡ್ಡವ್ವ. ಎನ್ನುತ್ತಲೇ ನನಗಾಗಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ದಿನವೆಲ್ಲ ಮಿಲ್ಲಿನಲ್ಲಿ ಕಲ್ಲು ಆರಿಸಿ ಬಂದವಳು, ಮತ್ತೆ ಕೂತು. ತಾನು ಮಾತ್ರ ರೊಟ್ಟಿಯನ್ನೇ ಉಣ್ಣುತ್ತಿದ್ದಳು.

ಯಾರಾದರೂ ನನ್ನನ್ನು ನೋಡಿ “ಯಾರು ಇದು, ನಿನ್ನ ಮಗಳೇನು?” ಎಂದರೆ ಅವಳ ಉತ್ತರ ಒಂದೇ: “ಅಲ್ಲ. ಮಂದಿ ಕೂಸು.” ಯಾರದೋ ಕೂಸು ಎಂದು, ರೇಷನ್ ಅಂಗಡಿಯಲ್ಲಿ, ಶಾಲೆಯಲ್ಲಿ, ಬಸ್ಸಿನಲ್ಲಿ. ಯಾರಾದರೂ ಎಷ್ಟು ಬೆಳ್ಳಗಿದ್ದಾಳೆ ಎಂದರೆ “ಏನು ಬಿಳುಪು ತಗೊಂಡು, ಮಾರಿ ಚಪ್ಪಟಿ” ಎನ್ನುತ್ತಿದ್ದಳು. ಶಾಲೆಯಲ್ಲಿ ಹುಡುಗರು ನನ್ನನ್ನು ಚೀನಾ ಎಂದು ಕೂಗಿ, ನಾನು ಅಳುತ್ತ ಬಂದ ದಿನ ಹೇಳಿದ ಮಾತು ನೆನಪಿದೆ: “ಅನ್ನಲಿ ಬಿಡು. ಮಂದಿ ಎಷ್ಟು ಕೆಟ್ಟ ಅಂತಾರೋ ಅಷ್ಟು ಛಲೋ.” ಸಮಾಧಾನಕ್ಕೆಂದು ಹೇಳಿದ ಮಾತಲ್ಲ, ಅವಳು ಅದನ್ನು ನಂಬಿದ್ದಳು. ನನಗೆ ಮಾತ್ರ ಸಮಾಧಾನವೇ ಬೇಕಾಗಿತ್ತು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯವರು ಜನನ ಪತ್ರ ಕೇಳಿದರು. ಇರಲಿಲ್ಲ. ವಿಷಯ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಕೊನೆಗೆ ಬಂದದ್ದು ಇಷ್ಟು: ದೊಡ್ಡವ್ವ ನನ್ನನ್ನು ಕಾನೂನಿನಂತೆ ದತ್ತು ತೆಗೆದುಕೊಳ್ಳಬೇಕು; ಇಲ್ಲವಾದರೆ ನನ್ನನ್ನು ತಂದೆಯ ದೇಶಕ್ಕೆ ಕಳಿಸಬೇಕಾಗುತ್ತದೆ. ತಂದೆ ಒಪ್ಪಿಗೆಯ ಕಾಗದ ಕಳಿಸಿದ. ಎಷ್ಟು ಬೇಗ ಕಳಿಸಿದ ಎಂಬುದನ್ನು ನಾನು ಆಗ ಗಮನಿಸಲಿಲ್ಲ.

ಮನೆಯ ವಿಚಾರಣೆಗೆ ಒಬ್ಬ ಮೇಡಂ ಬಂದರು. ಒಳ್ಳೆಯವರು. ಪರಸಿ ಕಲ್ಲಿನ ನೆಲದ ಮೇಲೆಯೇ ಕೂತು ಚಹಾ ಕುಡಿದರು. ಆಮೇಲೆ ಕೇಳಿದರು: “ಹುಡುಗೀನ ಚೆನ್ನಾಗಿ ನೋಡ್ಕೋತೀರಾ?”

“ನೋಡ್ಕೊಳ್ಳೂದು ಏನದರಿ, ಕಣ್ಣ ಮುಂದ ಬಿದ್ದಿರ್ತಾಳ.”

“ಇವಳ ಮೇಲೆ ಪ್ರೀತಿ ಇದೆಯಾ?”

“ಪ್ರೀತಿ ತಗೊಂಡು ಏನ್ಮಾಡ್ತೀರಿ ಮೇಡಂ? ಹೊತ್ತಿಗಿ ಅನ್ನ ಹಾಕ್ತೀನಿ.”

“ಮತ್ತೆ ಮಗಳಾಗಿ ಬೇಕು ಅಂತ ಅರ್ಜಿ ಕೊಟ್ಟಿದ್ದೀರಲ್ಲ?”

“ಮಗಳೂ ಅಲ್ಲ, ಏನೂ ಅಲ್ಲರಿ. ಮಂದಿ ಕೂಸು. ಇರಲಿ ಅಂತ.”

ಬಾಗಿಲಲ್ಲಿ ನಿಂತಿದ್ದ ಎದುರು ಮನೆಯವಳು ಸಹಾಯಕ್ಕೆ ಬಂದಳು. “ಭಾಳ ಗಟ್ಟಿ ಹೆಣ್ಣಮಗಳ್ರಿ ಮೇಡಂ. ನಾಕು ವರ್ಷ ಆತು, ಒಂದಿನಾರೆ ನನ್ನ ಮಗಳು ಅಂತ ಬಾಯಿ ಬಿಟ್ಟಿಲ್ಲ.” ನಮ್ಮ ಓಣಿಯಲ್ಲಿ ಒಬ್ಬ ತಾಯಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಮೇಡಂ ಅದನ್ನು ಬರೆದುಕೊಂಡರು. ಖಾಲಾ ಸುಮ್ಮನಿರುವವಳಲ್ಲ. “ಒಂದು ಮೊರ ಜ್ವಾಳ ಕೊಟ್ಟು ತಗೊಂಡವಳು ನಾನು. ಕಾಗದ ನನ್ನ ಹೆಸರಿಗೇ ಆಗಬೇಕು ನೋಡ್ರಿ!” ಎಂದು ನಕ್ಕಳು. ಓಣಿಯೆಲ್ಲ ನಕ್ಕಿತು. ಮೇಡಂ ನಗಲಿಲ್ಲ.

ಆ ವರದಿಯ ಪ್ರತಿ ಈಗ ನನ್ನ ಹತ್ತಿರ ಇದೆ. ‘ಅರ್ಜಿದಾರಳಿಗೆ ಮಗುವಿನ ಬಗ್ಗೆ ತಾಯಿಯ ಭಾವನೆ ಇರುವುದು ಕಂಡುಬರಲಿಲ್ಲ’ ಎಂದಿದೆ. ಮೇಡಂ ಸುಳ್ಳು ಬರೆಯಲಿಲ್ಲ. ಕೇಳಿದ್ದನ್ನೇ ಬರೆದರು.

ಕಲಬುರಗಿಗೆ ಬರಲು ಹೇಳಿದರು. ದೊಡ್ಡ ಸಾಹೇಬರ ಎದುರು, ಹುಡುಗಿಯನ್ನು ಸ್ವಂತ ಮಗಳೆಂದು ಒಪ್ಪುತ್ತೇನೆ ಎಂದು ಅವಳು ತನ್ನ ಬಾಯಿಂದ ಹೇಳಬೇಕು. ಅದೊಂದೇ ಬಾಕಿ. ಹೋಗುವ ಹಿಂದಿನ ಸಂಜೆ ಖಾಲಾ ಅವಳಿಗೆ ತಿಳಿಹೇಳುತ್ತಿದ್ದಳು.

“ಒಂದು ಮಾತು ಅಂದು ಬಾ ಬೇ. ಅನ್ನದಿದ್ರ ಕಳಿಸಿಬಿಡ್ತಾರ ಕೂಸಿನ್ನ. ಅಂದ್ರ ಏನಾಗ್ತದ?”

“ಎರಡು ಸಲ ಅಂದಿದ್ದೆ,” ಎಂದಳು ದೊಡ್ಡವ್ವ.

ಖಾಲಾ ಬಳೆಯ ಪೆಟ್ಟಿಗೆಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ರೈಲು ಚಿತ್ತಾಪುರ, ವಾಡಿ, ಶಹಾಬಾದ ದಾಟಿತು. ದೊಡ್ಡವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಶಹಾಬಾದಿನಲ್ಲಿ ಹಳಿಯ ಪಕ್ಕಕ್ಕೆ ಪೇರಿಸಿಟ್ಟ ಕಲ್ಲುಗಳನ್ನು ನಾನು ನೋಡುತ್ತ ಕೂತೆ.

ಕಚೇರಿಯಲ್ಲಿ ಆದದ್ದನ್ನು ನಾನು ಹೀಗೆ ಹೇಳುತ್ತ ಬಂದಿದ್ದೆ: ಸಾಹೇಬರು ಕೇಳಿದರು, ದೊಡ್ಡವ್ವ ತಲೆ ಎತ್ತಿ “ನನ್ನ ಮಗಳು” ಎಂದಳು, ಅವಳ ದನಿ ಒಡೆದಿತ್ತು. ಆ ದನಿ ಈಗಲೂ ಕಿವಿಯಲ್ಲಿದೆ. ಆದರೆ ನಾನು ಆ ಕೋಣೆಯಲ್ಲಿ ಇರಲಿಲ್ಲ. ಸಾಹೇಬರು ಕರೆದಾಗ ದೊಡ್ಡವ್ವ ನನ್ನ ಭುಜ ಹಿಡಿದು ತಿರುಗಿಸಿ, “ನೀ ಹೊರಗ ಹೋಗು, ದೂರ ಹೋಗು” ಎಂದಳು. ನಾನು ವರಾಂಡದ ಆ ತುದಿಯವರೆಗೆ ಹೋಗಿ, ಗೇಟಿನ ಹತ್ತಿರ ಕಬ್ಬಿನಹಾಲಿನ ಗಾಡಿಯ ಗೆಜ್ಜೆ ಸದ್ದು ಕೇಳುತ್ತ ನಿಂತೆ. ಆ ಮಾತು ಹೇಳುವಾಗ ನಾನು ಅವಳ ಹತ್ತಿರ ಇರಬಾರದೆಂಬುದು ಅವಳ ವಿಚಾರ. ಹೇಳಿದಳು, ಅದು ಖರೆ. ಆಜ್ಞಾಪತ್ರ ಬಂತು, ಅದರಲ್ಲಿ ಅವಳ ಹೇಳಿಕೆ ಇದೆ, ಹೆಬ್ಬೆಟ್ಟಿದೆ. ಗಟ್ಟಿಯಾಗಿ ಹೇಳಿದಳೋ, ಪಿಸುಗುಟ್ಟಿದಳೋ, ನನಗೆ ಗೊತ್ತಿಲ್ಲ. ನನ್ನ ಕಿವಿಯಲ್ಲಿರುವ ದನಿ ನಾನೇ ಮಾಡಿಕೊಂಡದ್ದು. ಅವಳು ನನ್ನನ್ನು ಮಗಳು ಎಂದ ಒಂದೇ ಒಂದು ಸಲ ಅದು.

ಅದೇ ವರ್ಷ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಎರಡನೆಯ ದಿನವೂ ಇಳಿಯಲಿಲ್ಲ. ದೊಡ್ಡವ್ವ ನನ್ನನ್ನು ಎತ್ತಿಕೊಂಡು ಹೋಗಿ ಖಾಲಾಳ ಮನೆಯಲ್ಲಿ ಮಲಗಿಸಿ ಹೊರಗೆ ಹೋದಳು. ಮತ್ತೆ ಒಳಗೆ ಬರಲಿಲ್ಲ. ದವಾಖಾನೆಗೆ ಕರೆದೊಯ್ದದ್ದು ಖಾಲಾ, ಗುಳಿಗೆ ನುಂಗಿಸಿದ್ದು ಖಾಲಾ. ಮುಂಜಾನೆ ಮಿಲ್ಲಿಗೆ ಹೋಗುವಾಗ, ಸಂಜೆ ಬರುವಾಗ ದೊಡ್ಡವ್ವ ಹೊರಗಿನ ಮೆಟ್ಟಿಲ ಮೇಲೆ ನಿಂತು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದಳು:

“ಖಾಲಾ, ನಿಮ್ಮ ಮಗಳು ಹೆಂಗ ಅದಾಳ್ರಿ?”

ಖಾಲಾಳನ್ನು ಅವಳು ಎಂದೂ ಬಹುವಚನದಲ್ಲಿ ಮಾತಾಡಿಸಿದವಳಲ್ಲ. ಈಗ ಯಾರೋ ಪರಿಚಯದವಳು ಹಾದುಹೋಗುತ್ತ ಕೇಳಿದಂತೆ ಕೇಳುತ್ತಿದ್ದಳು. ಬಾಗಿಲ ಪರದೆಯ ಕೆಳಗೆ ಅವಳ ಪಾದಗಳಷ್ಟೇ ನನಗೆ ಕಾಣುತ್ತಿದ್ದವು. “ದೊಡ್ಡವ್ವಾ” ಎಂದು ಕರೆದೆ. ಪಾದಗಳು ಸರಿದುಹೋದವು. ಮರುದಿನವೂ ಕರೆದೆ. ಎಂಟು ದಿನ ಹೀಗೆ. ಖಾಲಾ ನಾಲ್ಕು ದಿನ ಎನ್ನುತ್ತಾಳೆ. ನಾಲ್ಕಾದರೂ ಇರಲಿ. ಗುಡ್ಡದ ಊರು ಬಿಟ್ಟು ಬಂದಾಗಲೂ ನನಗೆ ಯಾರೂ ಇಲ್ಲ ಅನ್ನಿಸಿರಲಿಲ್ಲ, ಆ ಪರದೆಯ ಈಚೆ ಅನ್ನಿಸಿತು.

ಜ್ವರ ಬಿಟ್ಟು ಮನೆಗೆ ಬಂದ ಮೇಲೆ ನಾನು ಅವಳೊಂದಿಗೆ ಮಾತು ಬಿಟ್ಟೆ. ಅವಳು ಯಾಕೆಂದು ಕೇಳಲಿಲ್ಲ. ಅನ್ನ ಬಡಿಸುತ್ತಿದ್ದಳು, ನಾನು ಉಣ್ಣುತ್ತಿದ್ದೆ. ಒಂದೇ ಕೋಣೆಯಲ್ಲಿ ಇಬ್ಬರು. ಇದು ಎಷ್ಟು ಕಾಲ ನಡೆಯಿತು ಎಂದು ಹೇಳಲಾರೆ. ಅವಳು ಹೊರಗಿನ ಮೆಟ್ಟಿಲ ಮೇಲೆಯೇ ನಿಂತದ್ದು ಯಾಕೆಂದು ಖಾಲಾ ಹೇಳಿದ್ದು ನಾನು ಕಾಲೇಜಿಗೆ ಹೋದ ಮೇಲೆ. ಆಗಲೂ ನನಗೆ ಸಿಟ್ಟೇ ಬಂತು.

ಓದು ಮುಗಿಸಿ ನಾನು ಚಿಂಚೋಳಿಯಲ್ಲಿ ಶಿಕ್ಷಕಿಯಾದೆ. ಶನಿವಾರ ಸೇಡಂಗೆ ಬರುತ್ತಿದ್ದೆ. ಅಷ್ಟರಲ್ಲಿ ಮಿಲ್ಲಿನ ಧೂಳು ಅವಳ ಎದೆಯಲ್ಲಿ ಕೂತಿತ್ತು. ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಕೊನೆಗೆ ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆ. ಪಕ್ಕದ ಮಂಚದ ಹೆಂಗಸು ಕೇಳಿದಳು, “ಮಗಳೇನ್ರಿ? ಭಾಳ ಕಾಳಜಿ ಮಾಡ್ಲಿಕತ್ತಾಳ.”

“ಅಲ್ಲವ್ವ,” ಎಂದಳು ದೊಡ್ಡವ್ವ, ಒಂದೊಂದೇ ಉಸಿರಿಗೆ ಒಂದೊಂದು ಮಾತು. “ಮಂದಿ ಕೂಸು.”

ಆ ಹೆಂಗಸು ನಿದ್ದೆ ಹೋದ ಮೇಲೆ ನಾನು ಕೇಳಿದೆ. ಕೇಳಬಾರದಿತ್ತು. “ಈಗರೆ ಒಂದು ಸಲ ಅನ್ನು. ನಾನು ದೊಡ್ಡಾಕಿ ಆಗೀನಿ. ನನಗ ಏನೂ ಆಗಂಗಿಲ್ಲ.”

“ಹುಚ್ಚಿ,” ಎಂದಳು. “ಇಷ್ಟು ವರ್ಷ ನಿನ್ನ ಕಾದೀನಿ. ಹೋಗೂ ಮುಂದ ಯಾಕ ಕೆಡಸ್ಲಿ?”

ನಾಲ್ಕನೆಯ ದಿನ ತೀರಿಕೊಂಡಳು. ಅವಳ ಆ ನಂಬಿಕೆ ನನಗಿಲ್ಲ. ಜ್ವರ ಇಳಿಸಿದ್ದು ಗುಳಿಗೆ ಎಂದು ಗೊತ್ತಿದೆ. ಆದರೆ ನಾನು ಬದುಕಿದ್ದೇನೆ, ಅವಳಿಗೆ ಇಷ್ಟೇ ಸಾಕ್ಷಿ ಸಾಕಾಗಿತ್ತು, ಮತ್ತು ಅದಕ್ಕೆ ಎದುರಾಗಿ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಸೇಡಂನಲ್ಲಿ ಮಣ್ಣು ಕೊಡುವಾಗ, ದೂರದ ಸಂಬಂಧದ ಹಿರಿಯರೊಬ್ಬರು ಗುಂಡಿಯ ಹತ್ತಿರ ನಿಂತು, “ಮೊದಲ ಮಣ್ಣು ಮಕ್ಕಳು ಹಾಕಬೇಕು. ಈಕೀಗಿ ಮಕ್ಕಳಿಲ್ಲ. ಯಾರರೆ ಮುಂದ ಬರ್ರಿ” ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಮುಂದೆ ಹೋದೆ.

“ನೀ ಏನಾಗಬೇಕವ್ವ?”

“ಮಗಳು,” ಎಂದೆ. ಗಟ್ಟಿಯಾಗಿ ಹೇಳಿದೆ ಎಂದೇ ನನ್ನ ನೆನಪು. ಆದರೆ ಅವರು ಕಿವಿಗೆ ಕೈ ಹಚ್ಚಿ ಮತ್ತೊಮ್ಮೆ ಕೇಳಿದರು, ಹಾಗಾಗಿ ಗಟ್ಟಿಯಾಗಿ ಹೇಳಿರಲಾರೆ. ಎರಡನೆಯ ಸಲ ಹೇಳುವಾಗ ನನ್ನ ಕೈ ತಾನಾಗಿ ಬಾಯಿ ಮುಚ್ಚಲು ಹೋಯಿತು. ಹೆದರುವವಳು ಕೆಳಗೆ ಮಲಗಿದ್ದಳು. ಕೈ ಇಳಿಸಿ, ಬಗ್ಗಿ, ಮಣ್ಣು ತೆಗೆದುಕೊಂಡೆ.