ಆಯೇರಿ ಅಂಗಿ

ನಮ್ಮ ಅಣ್ಣನಿಗೆ ಬಲಗೈ ಇಲ್ಲ. ಶಹಾಪುರದ ಹೊರಗಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಅದು ಹೋಯಿತು. ಆ ಕೆಲಸ ಬಿಡಲು ಇನ್ನು ನಾಲ್ಕು ದಿನವಿದ್ದಾಗ ಹೋಯಿತು. ಹಾಗೆ ಹೇಳುವುದು ನಾನು. ಮಿಲ್ಲಿನ ಸಾವ್ಕಾರರು ಹೇಳುವುದು ಬೇರೆ: ಆತ ಅಷ್ಟೊತ್ತಿಗೆ ಕೆಲಸ ಬಿಟ್ಟಾಗಿತ್ತು, ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದಿದ್ದ. ನನ್ನ ಮಾತು ಗೆದ್ದರೆ ಅಣ್ಣನಿಗೆ ಪರಿಹಾರ. ಅವರ ಮಾತು ಗೆದ್ದರೆ ಏನೂ ಇಲ್ಲ.

ಅಣ್ಣ ಮದುವೆಗೆ ಮುಂಚಿನಿಂದಲೂ ಅದೇ ಮಿಲ್ಲಿನಲ್ಲಿ ದುಡಿದವನು. ಮಷಿನ್ನಿಗೆ ಹತ್ತಿ ಉಣಿಸುವುದು, ಸಿಕ್ಕಿಕೊಂಡರೆ ಬಿಡಿಸುವುದು, ಮಷಿನ್ ತಿರುಗಿಸುವ ಪಟ್ಟಾ ಜಾರಿದರೆ ಏರಿಸುವುದು. ಮನೆಗೆ ಬಂದಾಗ ಹುಬ್ಬಿನ ಮೇಲೂ ಅರಳೆ ಕೂತಿರುತ್ತಿತ್ತು. ಸುರಪುರದಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿಯ ಅಪ್ಪನದೊಂದು ಹಿಟ್ಟಿನ ಗಿರಣಿ ಇತ್ತು. ಮುದುಕರಿಗೆ ಅದು ಆಗದಾದಾಗ, ನೀವೇ ಬಂದು ನಡೆಸಿರಿ ಎಂದು ಅಳಿಯನನ್ನು ಕರೆದರು. ಅಣ್ಣ ಸಾವ್ಕಾರರ ಮುಂದೆ ನಿಂತು ಹೇಳಿಕೊಂಡ. ಅವರೇನೂ ತಕರಾರು ಮಾಡಲಿಲ್ಲ. "ತಿಂಗಳ ತುಂಬಿಸಿ ಹೋಗೋ. ಹೊಸಬಗ ಸ್ವಲ್ಪ ಕೆಲಸ ಕಲಸು" ಅಂದರಂತೆ.

ಬಹಳ ವರ್ಷ ದುಡಿದವರು ಬಿಟ್ಟು ಹೋಗುವಾಗ ಆ ಮಿಲ್ಲಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕರೆದು ಆಯೇರಿ ಮಾಡುತ್ತಾರೆ. ಆತನಿಗೆ ಅಂಗಿಯ ಬಟ್ಟೆ, ಟವೆಲ್ಲು. ಆಕೆಗೆ ಸೀರೆ, ಖಣ, ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು. ಮದುವೆ ಮನೆಯಲ್ಲಿ ಬೀಗರಿಗೆ ಮಾಡುವ ಹಾಗೆಯೇ. ಕೊನೆಯ ದಿನ ಮಾಡಬೇಕಾದ್ದು ಅದು. ಆದರೆ ತಿಂಗಳು ಮುಗಿಯುವ ಮೊದಲೇ ಅಮಾವಾಸ್ಯೆ ಬಂತು. ಅಮಾವಾಸ್ಯೆಗೆ ಮಿಲ್ಲಿನಲ್ಲಿ ಮಷಿನ್ ಪೂಜೆ, ಎಲ್ಲರೂ ಸೇರಿರುತ್ತಾರೆ, ಸಾವ್ಕಾರರ ಮನೆಯವರೂ ಬಂದಿರುತ್ತಾರೆ. ಇನ್ನೊಮ್ಮೆ ಯಾಕೆ ಮಂದಿ ಕೂಡಿಸುವುದು ಎಂದು ಅವತ್ತೇ ಆಯೇರಿ ಮುಗಿಸಿಬಿಟ್ಟರು. ಅಣ್ಣ ಅತ್ತುಬಿಟ್ಟನಂತೆ. ಮಾರನೆಯ ದಿನ ಬೆಳಿಗ್ಗೆ ಎಂದಿನಂತೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋದ.

ಬಟ್ಟೆಯನ್ನು ಬಜಾರಿನಲ್ಲಿ ಹೊಲಿಯಲು ಹಾಕಿದ್ದ. ತುಂಬು ತೋಳಿನ ಅಂಗಿ. ನಮ್ಮಲ್ಲಿ ಆಯೇರಿ ಬಟ್ಟೆ ತೊಟ್ಟು ಕೊಟ್ಟವರ ಕಣ್ಣಿಗೆ ಒಮ್ಮೆಯಾದರೂ ಬೀಳಬೇಕು. ಇಲ್ಲದಿದ್ದರೆ ಬಟ್ಟೆ ಮನಸ್ಸಿಗೆ ಬರಲಿಲ್ಲ ಎಂದು ಅವರು ನೊಂದುಕೊಳ್ಳುತ್ತಾರೆ. ಮಷಿನ್ ಹತ್ತಿರ ಬನಿಯನ್ ಬಿಟ್ಟು ಬೇರೇನೂ ಹಾಕದ ನಮ್ಮಣ್ಣ, ಅಂಗಿ ಹೊಲಿದು ಬಂದ ದಿನ ಅದನ್ನು ತೊಟ್ಟು, ತೋಳಿನ ಗುಂಡಿ ಸಹ ಹಾಕಿಕೊಂಡು ಹೋದ. ಸಾವ್ಕಾರರು ಅಂಗಳದಲ್ಲಿ ನೋಡಿ, "ಛಲೋ ಒಪ್ಪೇತಿ ನೋಡು" ಅಂದರು. ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲೆ ಅಣ್ಣ ನನಗೆ ಮೊದಲು ಹೇಳಿದ್ದು ಈ ಮಾತು. ಕೈಯ ಸುದ್ದಿ ಆಮೇಲೆ.

ಅವತ್ತು ಮಧ್ಯಾಹ್ನ ಹೊಸಬ ಉಣಿಸುತ್ತಿದ್ದಾಗ ಮಷಿನ್ನಿನಲ್ಲಿ ಹತ್ತಿ ಸಿಕ್ಕಿಕೊಂಡಿತು. ಮಷಿನ್ ನೋಡಿಕೊಳ್ಳುವ ಮಿಸ್ತ್ರಿ ಅಣ್ಣನನ್ನು ಕರೆದರು. ಬಿಡಿಸುವುದು ಹೇಗೆಂದು ತೋರಿಸಲು ಅಣ್ಣ ಕೈ ಹಾಕಿದ. ತೋಳಿನ ತುದಿಯನ್ನು ಪಟ್ಟಾ ಎಳೆದುಕೊಂಡಿತು. "ಹಳೀ ಅಂಗಿ ಆಗಿದ್ರ ತೋಳು ಹರದು ಕೈ ಉಳೀತಿತ್ತವ್ವಾ. ಇದು ಗಟ್ಟಿ ಬಟ್ಟಿ" ಎಂದು ಅದೇ ಮಿಸ್ತ್ರಿ ಆಸ್ಪತ್ರೆಯ ವರಾಂಡದಲ್ಲಿ ನನ್ನ ಮುಂದೆ ಕಣ್ಣೊರೆಸಿಕೊಂಡರು. ಸಾವ್ಕಾರರು ಬಟ್ಟೆಯಲ್ಲಿ ಕಂಜೂಸಿ ಮಾಡಿರಲಿಲ್ಲ, ಅದನ್ನಂತೂ ಒಪ್ಪಬೇಕು.

ನಾನು ಯಾದಗಿರಿಯಲ್ಲಿ ಶಾಲೆ ಟೀಚರು. ಬಾಯಿ ಸ್ವಲ್ಪ ಜೋರು ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಗಾಯ ಮಾಯುತ್ತಿದ್ದ ಹಾಗೆ ನಾನೇ ವೈನಿಯನ್ನು ಕರೆದುಕೊಂಡು ಸಾವ್ಕಾರರ ಮನೆಗೆ ಹೋದೆ. ಚಹಾ ಬಂತು, ಬಿಸ್ಕೀಟು ಬಂತು. ಪರಿಹಾರದ ಮಾತೆತ್ತಿದೆ.

"ಆಯೇರಿ ಆದ ಮ್ಯಾಲ ಆಂವ ನಮ್ಮ ಆಳಲ್ಲ ತಂಗಿ" ಅಂದರು ಅವರು, ಬಹಳ ಮೆತ್ತಗೆ. "ನಮ್ಮ ಮನಿ ಬೀಗ ಇದ್ಹಂಗ. ಬೀಗಗ ಯಾರರ ಪರಿಹಾರ ಕೊಡ್ತಾರೇನು?"

"ಹಂಗಾದ್ರ ಮಷಿನ್‌ನ್ಯಾಗ ಕೈ ಹಾಕೋಮುಂದ ಬೀಗ ಅಂತ ಯಾಕ ತಡೀಲಿಲ್ರಿ?" ಅಂದೆ.

ಅವರು ವೈನಿಯ ಕಡೆ ತಿರುಗಿದರು. "ಅಷ್ಟಿದ್ರ ಆಯೇರಿ ತಿರುಗಿ ತಂದು ಇಡ್ರಿ. ಆಂವ ನಮ್ಮ ಆಳೇ ಅಂತ ನಾ ಒಪ್ಪತೀನಿ."

ವೈನಿ ಚಹಾದ ಕಪ್ಪು ಕೆಳಗಿಟ್ಟಳು. ಉಡಿ ತುಂಬಿದ್ದನ್ನು ಯಾವ ಹೆಣ್ಣುಮಗಳು ತಿರುಗಿ ಕೊಡುತ್ತಾಳೆ? ಗಂಡನ ಜೀವಕ್ಕೆ ಕೇಡು ಎಂದು ಹೆದರುತ್ತಾರೆ. ಕೊಡೋಣವೆಂದರೂ ಎಲ್ಲಿದೆ? ಅಕ್ಕಿ ಹುಗ್ಗಿಯಾಗಿ ಮಕ್ಕಳ ಹೊಟ್ಟೆ ಸೇರಿತ್ತು. ಅಂಗಿಯನ್ನು ಆಸ್ಪತ್ರೆಯವರು ಕತ್ತರಿಯಿಂದ ಸೀಳಿ ಬಕೆಟ್ಟಿಗೆ ಹಾಕಿದ್ದರು. ಇದೆಲ್ಲ ಆ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೇ ಕೇಳಿದರು. ನಾನು ಜಗಳಕ್ಕೆ ಎದ್ದು ನಿಂತೆ. ವೈನಿ ನನ್ನ ಕೈ ಜಗ್ಗಿ ಹೊರಗೆ ಕರೆತಂದಳು.

ಮರುದಿನವೇ ಯಾದಗಿರಿಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಅಧಿಕಾರಿ ನನ್ನ ವಯಸ್ಸಿನ ಹೆಣ್ಣುಮಗಳು, ಮೈಸೂರಿನ ಕಡೆಯವರು. ಆಯೇರಿ ಎಂದರೆ ಏನು ಎಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. ಕೇಳಿ ನಕ್ಕರು. "ಕಾನೂನಿನಲ್ಲಿ ಆಯೇರಿ ಗೀಯೇರಿ ಏನೂ ಇಲ್ಲ. ನಾಳೆ ಬಿಡುವವನಿಗೆ ಇವತ್ತು ಪೆಟ್ಟಾದರೂ ಹಕ್ಕು ಹಕ್ಕೇ. ಪೆಟ್ಟಾದ ಹೊತ್ತಿನಲ್ಲಿ ಅವರು ಅಲ್ಲಿ ಕೆಲಸ ಮಾಡುತ್ತಿದ್ದರೋ ಇಲ್ಲವೋ, ಅಷ್ಟೇ ಪ್ರಶ್ನೆ. ನಿಮ್ಮಣ್ಣ ಬಂದು ಅದನ್ನು ತಮ್ಮ ಬಾಯಿಂದ ಹೇಳಲಿ" ಅಂದರು. ಅವತ್ತು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಅಧಿಕಾರಿ ಎರಡೂ ಕಡೆಯವರನ್ನು ಕರೆಸಿದ ದಿನ ಅಣ್ಣ, ವೈನಿ ಸುರಪುರದಿಂದ ಬಂದರು. ಗಿರಣಿ ಆಗಲೇ ಮುಚ್ಚಿತ್ತು. ಒಂದು ಕೈಯಲ್ಲಿ ಚೀಲ ಎತ್ತಿ ಸುರಿಯಲು ಆಗುವುದಿಲ್ಲ, ಆಳು ಇಡಲು ದುಡ್ಡಿಲ್ಲ. ಬಸ್ ಸ್ಟ್ಯಾಂಡಿನಿಂದ ಕಚೇರಿಯವರೆಗೂ ನಾನು ಅಣ್ಣನಿಗೆ ಒಂದೇ ಮಾತು ಹೇಳಿಕೊಂಡು ಬಂದೆ: "ಹೊಸಬಗ ಕೆಲಸ ಕಲಸಾಕತ್ತಿದ್ನಿ ಅನ್ನು. ಅದು ಖರೇನ ಅದ. ಅಷ್ಟು ಅಂದ್ರ ಸಾಕು." ಆತ ತಲೆಯಾಡಿಸಿದ. ಸಾಕ್ಷಿ ಹೇಳಲು ಮಿಸ್ತ್ರಿಯನ್ನೂ ಕೇಳಿಕೊಂಡಿದ್ದೆ. ಫೋನು ಎತ್ತುವುದನ್ನೇ ಬಿಟ್ಟಿದ್ದರು. ಅವರೂ ಅದೇ ಮಿಲ್ಲಿನ ಅನ್ನ ಉಣ್ಣುವವರು, ಏನು ಮಾಡಿಯಾರು.

ನಾವು ಮೂವರೂ ಕುರ್ಚಿಯ ಮೇಲೆ ಕೂತಿದ್ದೆವು. ಸಾವ್ಕಾರರು ಒಳಗೆ ಬಂದರು. ಅಣ್ಣ ಎದ್ದು ನಿಂತುಬಿಟ್ಟ. ನಾನು ಆತನ ಅಂಗಿಯ ತುದಿ ಜಗ್ಗಿದೆ, ಕೂತುಕೊಳ್ಳಲಿಲ್ಲ.

ಸಾವ್ಕಾರರು ಅಧಿಕಾರಿಯ ಅನುಮತಿ ಕೇಳಿ ಅಣ್ಣನ ಕಡೆ ತಿರುಗಿದರು. "ನಿನಗ ಆಯೇರಿ ಮಾಡಿದ್ನೋ ಇಲ್ಲೋ?"

"ಮಾಡಿದ್ರಿ ಧಣಿ."

"ಆಮ್ಯಾಲ ನಾ ನಿನಗ ಕೆಲಸಕ್ಕ ಬಾ ಅಂತ ಕರದಿದ್ನೇನು?"

ಮಷಿನ್ ಹತ್ತಿರ ಕರೆದವರು ಮಿಸ್ತ್ರಿ. ತಿಂಗಳು ತುಂಬಿಸು ಎಂದು ಸಾವ್ಕಾರರು ಅಂದಿದ್ದರಲ್ಲ, ಅದು ಆಯೇರಿಗೆ ಮುಂಚಿನ ಮಾತು. "ಇಲ್ರಿ" ಅಂದ ಅಣ್ಣ.

"ಹಾಗಾದರೆ ಅವತ್ತು ಯಾಕೆ ಹೋಗಿದ್ರಿ?" ಅಧಿಕಾರಿ ಕೇಳಿದರು.

ಅಣ್ಣ ಸಾವ್ಕಾರರನ್ನು ನೋಡಿದ. ಅವರು ತಮ್ಮ ಉಂಗುರ ನೋಡಿಕೊಳ್ಳುತ್ತಿದ್ದರು.

"ಅಂಗಿ ತೋರಸಾಕ ಹೋಗಿದ್ನಿರಿ."

ನಾನು ಎದ್ದೆ. "ಮೇಡಮ್ಮರ್ರಿ, ಕೆಲಸ ಕಲಸಾಕ ಹೋಗಿದ್ದ, ಮಿಸ್ತ್ರಿ ಕರದಿದ್ರು..."

"ನೀವಲ್ಲ, ಅವರು ಹೇಳಬೇಕು." ಅಧಿಕಾರಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣನಿಗೆ ದಾರಿ ಮಾಡಿಕೊಡುವಂತೆ ನಿಧಾನವಾಗಿ ಕೇಳಿದರು. "ಅಂಗಿ ತೋರಿಸಿದ ಮೇಲೆ? ಮಷಿನ್ ಹತ್ತಿರ ಏನು ಮಾಡುತ್ತಿದ್ರಿ?"

ವೈನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

"ಆಮ್ಯಾಲ ಏನಿಲ್ರಿ" ಅಂದ ಅಣ್ಣ. "ಸುಮ್ನ ನಿಂತಿದ್ನಿ."

ಅಧಿಕಾರಿ ಅದನ್ನೇ ಬರೆದುಕೊಂಡರು. ಮತ್ತೇನು ಬರೆಯಬೇಕು.

ಹೊರಗೆ ಬೇವಿನ ಗಿಡದ ಕೆಳಗೆ ನಿಂತೆವು. ಅಣ್ಣನನ್ನು ಬಾಯಿಗೆ ಬಂದಂತೆ ಬೈಯಬೇಕು ಅನಿಸಿತ್ತು, ತಬ್ಬಿಕೊಂಡು ಅಳಬೇಕು ಎಂದೂ ಅನಿಸಿತ್ತು. ಎರಡೂ ಆಗಲಿಲ್ಲ. ಆತನೇ ಕೇಳಿದ: "ನಾ ಸುಳ್ಳೇನು ಹೇಳಲಿಲ್ಲಲ್ಲವಾ?"

"ಅರ್ಧ ಹೇಳಿದ್ರಿ" ಅಂದಳು ವೈನಿ. ಅಷ್ಟು ದಿನದಲ್ಲಿ ಆಕೆ ಗಂಡನಿಗೆ ಅಂದ ಗಟ್ಟಿ ಮಾತು ಅದೊಂದೇ. "ಉಳದರ್ಧ ಯಾರು ಹೇಳಬೇಕರಿ? ನಿಮ್ಮ ಕೈಯಂತೂ ಬರಂಗಿಲ್ಲ ಹೇಳಾಕ."

"ಅವರ ಬಟ್ಟಿ ಮೈಮ್ಯಾಲ ಹಾಕ್ಕೊಂಡವ ನಾ" ಅಂದ ಅಣ್ಣ. "ಅವರ ಎದುರಿಗೆ ಹ್ಯಾಂಗ ಹೇಳಲೇ."

ಅಷ್ಟರಲ್ಲಿ ಸಾವ್ಕಾರರ ಕಾರು ಗೇಟಿನ ಕಡೆ ಬಂತು. ದಾರಿಯಲ್ಲಿ ಮಂದಿ ಇದ್ದುದರಿಂದ ನಮ್ಮ ಹತ್ತಿರ ಸಾವಕಾಶವಾಯಿತು. ಅಣ್ಣ ಹಳೆಯ ರೂಢಿಯಂತೆ ಬಾಗಿ ನಮಸ್ಕಾರ ಮಾಡಲು ಹೋದ. ಎಡಗೈ ಎದೆಯವರೆಗೆ ಏರಿ, ಜೋಡಿ ಸಿಗದೆ, ಅಲ್ಲೇ ನಿಂತಿತು. ಗಾಜಿನ ಒಳಗಿಂದ ಸಾವ್ಕಾರರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು.