ಆರ್ ಮತ್ತು ಪೈಥಾನ್ ನಡುವಿನ ಒಂದು ಪುಟ

ಕುಂದಾಪುರದಲ್ಲಿದ್ದ ನಮ್ಮ ಯೋಜನೆಯ ಕಚೇರಿ ಮುಚ್ಚಿದ ಮೇಲೆ ಅದರ ಕೊನೆಯ ವರದಿ ಬರೆಯುವ ಕೆಲಸ ನನ್ನೊಬ್ಬಳ ಪಾಲಿಗೆ ಉಳಿಯಿತು. ಜೊತೆಗಿದ್ದವರೆಲ್ಲ ಬೇರೆ ಬೇರೆ ಕೆಲಸ ಹಿಡಿದು ಹೋಗಿದ್ದರು. ನಾನು ಕೋಟದಲ್ಲಿ ಹೆದ್ದಾರಿ ಬದಿಯ ಹೊಲಿಗೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕಚೇರಿಯ ಕಂಪ್ಯೂಟರನ್ನು ಅಲ್ಲಿಗೇ ತಂದು ಕಿಟಕಿ ಪಕ್ಕದ ಮೇಜಿನ ಮೇಲಿಟ್ಟುಕೊಂಡೆ. ನನ್ನ ಊರು ಬೈಂದೂರು ಕಡೆಯದು. ಮನೆಯಲ್ಲಿ ತಮ್ಮನ ಸಂಸಾರ. ಹಬ್ಬಕ್ಕೆ ಹೋಗಿ ಬರುತ್ತಿದ್ದೆ, ಅಷ್ಟೆ.

ನಮ್ಮದು ಮೀನಿನ ಲೆಕ್ಕ. ಗಂಗೊಳ್ಳಿ, ಕೊಡೇರಿ, ಹಂಗಾರಕಟ್ಟೆ, ಈ ಮೂರು ಕಡೆ ದಿನಾ ಎಷ್ಟು ಮೀನು ದಡಕ್ಕೆ ಬಂತೆಂದು ಅಲ್ಲಲ್ಲಿಯ ಜನ ಬರೆದು ಕಳಿಸುತ್ತಿದ್ದರು. ಯಾವ ತಿಂಗಳು ಬಂಗುಡೆ ಕಡಿಮೆಯಾಯಿತು, ಎಲ್ಲಿ ಬೂತಾಯಿ ಹೆಚ್ಚಾಯಿತು ಎಂದು ಅದರಿಂದ ತೆಗೆದು ಹೇಳುವುದು ನನ್ನ ಕೆಲಸ. ಇದಕ್ಕಾಗಿ ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವರ್ಷಗಟ್ಟಲೆ ಬರೆದ ಪ್ರೋಗ್ರಾಮುಗಳು ನನ್ನ ಬಳಿ ಇದ್ದವು. ವರದಿಯ ಹೊತ್ತಿಗೆ ಮೇಲಿನವರು ಎಲ್ಲವೂ ಪೈಥಾನ್ ಎಂಬ ಇನ್ನೊಂದು ಭಾಷೆಯಲ್ಲಿ ಬೇಕೆಂದರು. ಹೊಸದಾಗಿ ಬರೆಯುತ್ತ ಕೂರಲು ಸಮಯವಿರಲಿಲ್ಲ. ಪೈಥಾನಿನ ಒಳಗಿಂದಲೇ ಆರ್‌ಗೆ ಕೆಲಸ ಹೇಳುವಂತೆ ಎರಡನ್ನೂ ಜೋಡಿಸುವ ಒಂದು ಲೈಬ್ರರಿ ಇದೆಯೆಂದು ಕೇಳಿದ್ದೆ. ಯಾರೋ ದೂರದ ದೇಶದವರು ಬರೆದು ಎಲ್ಲರಿಗೂ ಬಿಟ್ಟಿಯಾಗಿ ಕೊಟ್ಟ ಪ್ರೋಗ್ರಾಮುಗಳ ಕಟ್ಟು ಅದು. ಹಾಕಿಕೊಂಡೆ. ಲೆಕ್ಕ ಓಡಿತು.

ಬಂದ ಉತ್ತರ ನೋಡಿದರೆ, ಮಳೆಗಾಲದ ಒಂದು ದಿನ ಕೊಡೇರಿಯಲ್ಲಿ ಸಿಕ್ಕ ಮೀನು ಮೈನಸ್ ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ ಕಿಲೋ.

ನನಗೆ ಜೋರಾಗಿ ನಗು ಬಂತು. ಕಚೇರಿಯಲ್ಲಿ ಮಾಡುತ್ತಿದ್ದ ಹಾಗೆ, "ಇಲ್ಲ್ ಕಾಣಿ!" ಎಂದು ಕುರ್ಚಿ ತಿರುಗಿಸಿದೆ. ಹಿಂದೆ ಮಂಚವಿತ್ತು, ಗೋಡೆಗೆ ಒರಗಿಸಿದ ಕೊಡೆಯಿತ್ತು. ನಗು ಅಲ್ಲಿಗೇ ನಿಂತಿತು. ಯಾರಿಗಾದರೂ ಹೇಳದೆ ಇರಲಾರೆ ಅನ್ನಿಸಿ ಕೆಳಗಿಳಿದೆ. ಅಂಗಡಿಯ ಒಡತಿ ರವಿಕೆಗೆ ಹುಕ್ಸ್ ಹಾಕುತ್ತಿದ್ದರು. ನನ್ನದೇ ವಯಸ್ಸಿನವರು, ನನ್ನ ಕೋಣೆಯೂ ಅವರದೇ. ಸಂಗತಿ ಹೇಳಿದೆ.

"ಮೈನಸ್ ಅಂದ್ರೆ ಎಂತ? ಹಿಡ್ದದ್ದನ್ನ ವಾಪಸ್ ಕಡ್ಲಿಗೇ ಹಾಕಿದ್ದಾ?" ಎಂದು ಕೇಳಿದರು.

"ಅಲ್ಲ, ಲೆಕ್ಕ ತಪ್ಪಿದ್ದ್."

"ಹಾಂಗಾರೆ ಸರಿ ಮಾಡಿ ಮಾರಾಯ್ರೆ. ಇಷ್ಟಕ್ಕೆಲ್ಲ ಮಂಡೆ ಬಿಸಿ ಮಾಡ್ಕಂಬುದ್ ಎಂತಕೆ?"

ಅವರು ಹೇಳಿದ್ದು ಸರಿಯೇ. ಆದರೆ ಏನು ತಪ್ಪಿದೆಯೆಂದು ತಿಳಿಯಲು ನನಗೆ ವಾರದ ಮೇಲೆ ಹಿಡಿಯಿತು. ಕೊಡೇರಿಯಲ್ಲಿ ಲೆಕ್ಕ ಬರೆಯುತ್ತಿದ್ದವರಿಗೆ ಮೊದಲು ಫೋನು ಮಾಡಿದೆ. "ಆ ದಿನ ನಂಗ್ ಜ್ವರ ಮೇಡಂ, ಕಡ್ಲ್ ಬದಿಗೇ ಹೋಯ್ಲಿಲ್ಲೆ. ಅದ್ಕೇ ಖಾಲಿ ಬಿಟ್ಟದ್ದ್" ಎಂದರು. ಅಂದರೆ ಮೀನು ಬರಲಿಲ್ಲವೆಂದಲ್ಲ, ಬಂತೋ ಇಲ್ಲವೋ ಗೊತ್ತಿಲ್ಲ. ದೋಣಿ ಬರಿಗೈಯಲ್ಲಿ ಬಂದ ದಿನ ಸೊನ್ನೆ, ಎಣಿಸುವವರೇ ಇಲ್ಲದ ದಿನ ಖಾಲಿ. ಆರ್ ಈ ಖಾಲಿಯನ್ನು ತನ್ನೊಳಗೆ ಒಂದು ಭಾರೀ ಋಣಸಂಖ್ಯೆಯ ರೂಪದಲ್ಲಿ ಗುರುತಿಟ್ಟುಕೊಳ್ಳುತ್ತದೆ. ಅದು ಪೈಥಾನಿನ ಕಡೆಗೆ ದಾಟುವಾಗ ಗುರುತು ಬಿದ್ದುಹೋಗಿ ಸಂಖ್ಯೆ ಮಾತ್ರ ಉಳಿದಿತ್ತು. ಹೀಗಾಗದಂತೆ ದಾಟಿಸುವ ಕ್ರಮ ಲೈಬ್ರರಿಯಲ್ಲಿ ಇತ್ತು. ಆದರೆ ಅದರ ಬಳಕೆಯನ್ನು ವಿವರಿಸುವ ಪುಟದಲ್ಲಿ ಆ ಮಾತೇ ಇರಲಿಲ್ಲ. ಅಲ್ಲಿ ಕೊಟ್ಟ ಉದಾಹರಣೆಯನ್ನು ಇದ್ದ ಹಾಗೇ ಹಾಕಿದರೂ ಓಡುತ್ತಿರಲಿಲ್ಲ. ಆದೇಶದ ಹೆಸರು ಎಂದೋ ಬದಲಾಗಿತ್ತು, ಪುಟವನ್ನು ಯಾರೂ ಬದಲಿಸಿರಲಿಲ್ಲ. ಕೊನೆಗೆ ನಾನು ಲೈಬ್ರರಿಯ ಒಳಗಿನ ಪ್ರೋಗ್ರಾಮನ್ನೇ ಸಾಲುಸಾಲಾಗಿ ಓದಿ ದಾರಿ ಕಂಡುಕೊಂಡೆ.

ವರದಿ ಮುಗಿಸಿ ಕಳಿಸಿದೆ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಹೊಸ ಕೆಲಸ ಸಿಕ್ಕಿರಲಿಲ್ಲ. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು. ಸಾಲಿಗ್ರಾಮದ ತನಕ ನಡೆದು ಹೋಗಿ ಬರುವ ಅಭ್ಯಾಸವೂ ನಿಂತುಹೋಯಿತು. ಮಾತು ಎಷ್ಟು ಕಡಿಮೆಯಾಗಿತ್ತೆಂದರೆ ಕೆಲವು ಸಂಜೆ ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಸ್ವರವೇ ಗೊಗ್ಗರಾಗಿ ಹೊರಡುತ್ತಿತ್ತು. ಆ ಪುಟ ಮಾತ್ರ ತಲೆಯಿಂದ ಹೋಗಲಿಲ್ಲ. ಎಲ್ಲೋ ಇನ್ನೊಬ್ಬರು ನನ್ನ ಹಾಗೆಯೇ ಅದರ ಮುಂದೆ ಕೂತು, ತಪ್ಪು ತನ್ನದೇ ಇರಬೇಕೆಂದುಕೊಂಡು ಒದ್ದಾಡುತ್ತಿರಬಹುದು ಅನ್ನಿಸುತ್ತಿತ್ತು.

ಇಂಥ ಲೈಬ್ರರಿಗಳ ವಿವರಣೆಯನ್ನು ಯಾರು ಬೇಕಾದರೂ ತಿದ್ದಿ ಕಳಿಸಬಹುದು. ನೋಡಿಕೊಳ್ಳುವವರು ಒಪ್ಪಿದರೆ ಸೇರಿಸುತ್ತಾರೆ. ನನ್ನ ಇಂಗ್ಲಿಷಿನ ಮೇಲೆ ನನಗೆ ನಂಬಿಕೆಯಿರಲಿಲ್ಲ. ಎರಡು ಪ್ಯಾರಾ ಬರೆಯುವುದಕ್ಕೆ ಮೂರ್ನಾಲ್ಕು ದಿನ ತೆಗೆದುಕೊಂಡೆ. ಕಳಿಸುವ ಗುಂಡಿ ಒತ್ತಿ, ಯಾರೋ ಬೈಯುತ್ತಾರೆ ಎಂಬಂತೆ ಎದ್ದು ಹೋಗಿ ಅನ್ನಕ್ಕೆ ಅಕ್ಕಿ ತೊಳೆದೆ.

ಉತ್ತರ ಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದೆ, ಊಟವಾದ ಮೇಲೆ ನೋಡುತ್ತಿದ್ದೆ. ಚೌತಿ ಕಳೆಯಿತು. ಆಸೆ ಬಿಟ್ಟ ಮೇಲೆ ಒಂದು ದಿನ ನಾಲ್ಕು ಸಾಲು ಬಂತು. ಲೈಬ್ರರಿಯನ್ನು ನೋಡಿಕೊಳ್ಳುವಾತ ಬರೆದದ್ದು. ತಡವಾದದ್ದಕ್ಕೆ ಕ್ಷಮಿಸಿ, ಮೊದಲು ನಾವು ಕೆಲವರಿದ್ದೆವು, ಈಗ ನಾನೊಬ್ಬನೇ ಎಂದಿದ್ದ. ನೀವು ಬರೆದದ್ದು ಸರಿಯಾಗಿದೆ, ಆದರೆ ಓದುವವರು ತಾವೇ ಓಡಿಸಿ ನೋಡುವಂಥ ಉದಾಹರಣೆ ಬೇಕು, ಬರೆದುಕೊಡುತ್ತೀರಾ ಎಂದು ಕೇಳಿದ್ದ.

ಬರೆದೆ. ಮೂರು ದಡ, ಕೆಲವು ದಿನ, ನಡುವೆ ಒಂದು ಸೊನ್ನೆ, ಒಂದು ಖಾಲಿ. ಕೊಡೇರಿ ಅಂದರೆ ಏನೆಂದು ಆತ ಕೇಳಿದ. ನಮ್ಮ ಕಡೆಯ ಬಂದರು ಎಂದೆ. ದಿನ ಬಿಟ್ಟು ದಿನ ಪತ್ರ ಓಡಾಡತೊಡಗಿತು. ಈ ವಾಕ್ಯ ಉದ್ದವಾಯಿತು, ಈ ಪದ ಹೊಸಬರಿಗೆ ತಿಳಿಯಲಿಕ್ಕಿಲ್ಲ, ಇದನ್ನು ಮೇಲೆ ತನ್ನಿ, ಹೀಗೆ. ಒಂದು ಪ್ಯಾರಾ ಹೋಗಿ ಇಡೀ ಪುಟ ಆಯಿತು, ಮುಂದೆ ಪೂರ್ತಿ ಒಂದು ಅಧ್ಯಾಯವನ್ನೇ ಹೊಸದಾಗಿ ಬರೆಯುವ ಮಾತಾಯಿತು. ಸ್ವಂತ ವಿಚಾರ ಇಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ, ಇವತ್ತು ಇಲ್ಲಿ ಕರೆಂಟಿಲ್ಲ, ನಾಳೆ ಕಳಿಸುತ್ತೇನೆ ಎಂದು ಫೋನಿನಿಂದ ಬರೆದಿದ್ದೆ. "ಇಲ್ಲಿ ಹಿಮ ಬೀಳುತ್ತಿದೆ, ಬಾಗಿಲು ತೆರೆಯಲಾಗುತ್ತಿಲ್ಲ" ಎಂದು ಉತ್ತರ ಬಂತು. ಅದರಲ್ಲಿ ಕೆಲಸದ ಮಾತೇ ಇರಲಿಲ್ಲ. ಅದನ್ನು ಎಷ್ಟು ಸಲ ಓದಿದೆನೋ.

ಬರೆದದ್ದು ಹೊಸಬರಿಗೆ ತಿಳಿಯುತ್ತದೋ ಇಲ್ಲವೋ ನೋಡಬೇಕು ಎಂದು ಆತ ಹೇಳಿದಾಗ ನನಗೆ ನೆನಪಾದದ್ದು ನನ್ನ ಜೊತೆ ಎಂ.ಎಸ್ಸಿ. ಓದಿದ ಗೆಳತಿ. ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು. ಅವಳು ಕುಂದಾಪುರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಕೋಟದಿಂದ ಬಸ್ಸು ಹತ್ತಿದರೆ ಹೆಚ್ಚು ಹೊತ್ತಿನ ದಾರಿಯೇನಲ್ಲ, ಆದರೂ ಭೇಟಿಯಾಗದೆ ವರ್ಷಗಳೇ ಆಗಿದ್ದವು. ಫೋನು ಮಾಡಿದರೆ, "ಬಾ ಬಾ, ಮಧ್ಯಾಹ್ನ ನಂಗ್ ಕ್ಲಾಸ್ ಇಲ್ಲೆ" ಎಂದಳು.

ಸ್ಟಾಫ್ ರೂಮಿನಲ್ಲಿ ಅವಳ ಲ್ಯಾಪ್‌ಟಾಪಿನಲ್ಲಿ ಪುಟ ತೆರೆದುಕೊಟ್ಟೆ. "ಇಲ್ಲಿ ಬರ್ದಷ್ಟೇ ಮಾಡ್. ನನ್ ಹತ್ರ ಎಂತದೂ ಕೇಣುಕಾಗ" ಎಂದೆ.

"ಪರೀಕ್ಷೆಯಾ?" ಎಂದು ನಕ್ಕು ಕನ್ನಡಕ ಹಾಕಿಕೊಂಡಳು. ಅವಳಿಗೆ ಕನ್ನಡಕ ಬಂದದ್ದು ನನಗೆ ಗೊತ್ತಿರಲಿಲ್ಲ.

ಎರಡನೆಯ ಸಾಲಿಗೇ ನಿಂತಳು. ಆರ್ ಸಿಗುತ್ತಿಲ್ಲವೆಂದು ಕಂಪ್ಯೂಟರ್ ಹೇಳಿತು. ಅವಳು ಪುಟವನ್ನು ಮೇಲಕ್ಕೆ ಸರಿಸಿ ಓದಿದಳು, ಕೆಳಕ್ಕೆ ಸರಿಸಿ ಓದಿದಳು, ಮತ್ತೆ ಅದೇ ಸಾಲನ್ನು ಹಾಕಿದಳು. ಹೇಳಿಬಿಡಬೇಕೆಂದು ನನ್ನ ನಾಲಿಗೆ ತುರಿಸುತ್ತಿತ್ತು. ತುಟಿ ಕಚ್ಚಿ ಕೂತೆ. ನಾವು ಬರೆದದ್ದನ್ನು ಒಬ್ಬರು ಎದುರಿಗೇ ಓದಿ, ಅರ್ಥವಾಗದೆ ಹುಬ್ಬು ಗಂಟಿಕ್ಕುವುದನ್ನು ನೋಡುವುದು ಎಷ್ಟು ಕಷ್ಟವೆಂದು ಅಂದೇ ತಿಳಿದದ್ದು.

"ಆರ್ ಬೇರೆಯೇ ಹಾಯ್ಕಣ್ಕಾ?" ಎಂದು ಕೊನೆಗೆ ಕೇಳಿದಳು. "ಇಲ್ಲ್ ಬರೀಲೇ ಇಲ್ಲ್ಯಲೆ! ನೀ ಇದ್ನ ಯಾರಿಗ್ ಬರ್ದದ್ದ್? ನಿಂಗೇ ಬರ್ಕಂಡದ್ದಾ?"

ನನ್ನ ಯಂತ್ರದಲ್ಲಿ ಆರ್ ಮೊದಲಿನಿಂದಲೂ ಇತ್ತು. ಇಲ್ಲದವರು ಇರುತ್ತಾರೆಂದೇ ನನಗೆ ಹೊಳೆದಿರಲಿಲ್ಲ. ಆರ್ ಹಾಕಿಕೊಟ್ಟ ಮೇಲೆ ಇನ್ನೂ ಎರಡು ಕಡೆ ನಿಂತಳು. ಕೊನೆಯ ಉದಾಹರಣೆ ಸರಾಗವಾಗಿ ಓಡಿತು. ಖಾಲಿ ಖಾಲಿಯಾಗಿಯೇ ಬಂತು, ಸೊನ್ನೆ ಸೊನ್ನೆಯಾಗಿ. "ಲಾಯ್ಕಿತ್ತ್" ಎಂದಳು.

ಆ ಮೇಲೆ ಹಾಸ್ಟೆಲಿನ ದಿನಗಳ ಮಾತು ಬಂದೀತೆಂದು ಕಾದೆ. ಅಷ್ಟರಲ್ಲಿ ಯಾರೋ ಬಂದು, ಪ್ರಿನ್ಸಿಪಾಲರು ಕರೆಯುತ್ತಾರೆಂದು ಹೇಳಿ ಹೋದರು. ಅವಳು ಗಡಿಬಿಡಿಯಲ್ಲಿ ಕಾಗದಗಳನ್ನು ಒಟ್ಟು ಮಾಡಿ, "ಒಂದಿನ ಮನೆಗ್ ಬಾ, ಹ್ಯಾಂ? ಕೂಕಂಡ್ ಮಾತಾಡ್ವ" ಎಂದಳು. ಯಾವತ್ತೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಕ್ಯಾಂಟೀನಿನಲ್ಲಿ ಒಬ್ಬಳೇ ಚಾ ಕುಡಿದು, ಶಾಸ್ತ್ರಿ ಸರ್ಕಲ್ಲಿನ ತನಕ ನಡೆದು ಬಸ್ಸು ಹತ್ತಿದೆ. ಬಸ್ಸಿನಲ್ಲೇ ಪುಟದ ಮೊದಲ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿದೆ: ಇದನ್ನು ಓದುವ ಮುಂಚೆ ನಿಮ್ಮ ಕಂಪ್ಯೂಟರಿನಲ್ಲಿ ಆರ್ ಇದೆಯೇ ನೋಡಿಕೊಳ್ಳಿ.

ಬೇಸಿಗೆ ಹೊತ್ತಿಗೆ ಅಧ್ಯಾಯ ಮುಗಿದು ಲೈಬ್ರರಿಯ ಪುಟಗಳಲ್ಲಿ ಸೇರಿತು. ನಾನು ಅದನ್ನು ತೆರೆದು ಕೋಣೆಯಲ್ಲಿ ಗಟ್ಟಿಯಾಗಿ ಓದಿದೆ. ಕೆಳಗಿನಿಂದ, "ಹ್ವಾಯ್ ಮೇಡಂ, ಯಾರ್ ಬಂದದ್ದ್?" ಎಂದು ಅಂಗಡಿಯ ಒಡತಿಯ ದನಿ ಕೇಳಿತು.

"ಯಾರೂ ಇಲ್ಲೆ. ಓದ್ತಾ ಇದ್ದೆ."

"ನಾ ನೆಂಟ್ರ್ ಬಂದ್ರೋ ಅಂದ್ಕಂಡೆ" ಎಂದು ಅವರು ಹೊಲಿಗೆ ಯಂತ್ರ ತುಳಿಯತೊಡಗಿದರು.

ಮರುವಾರ ಲೈಬ್ರರಿ ನೋಡಿಕೊಳ್ಳುವಾತನ ಪತ್ರ ಬಂತು. ತನಗೆ ಬೇರೆ ಕೆಲಸ ಸಿಕ್ಕಿದೆ, ಇನ್ನು ಇದಕ್ಕೆ ಸಮಯವಾಗುವುದಿಲ್ಲ, ಲೈಬ್ರರಿಯನ್ನು ಒಂದು ಹೊಸ ತಂಡಕ್ಕೆ ವಹಿಸುತ್ತಿದ್ದೇನೆ ಎಂದು ತಿಳಿಸಿದ್ದ. ನಿಮ್ಮ ಅಧ್ಯಾಯ ಇರುವುದರಿಂದ ನೆಮ್ಮದಿಯಾಗಿ ಬಿಟ್ಟುಹೋಗುತ್ತಿದ್ದೇನೆ ಎಂದೂ ಇತ್ತು. ನಾನು ಉದ್ದವಾಗಿ ಬರೆದೆ. ಮಳೆಗಾಲದ ಬಗ್ಗೆ, ಈ ಕೋಣೆಯ ಬಗ್ಗೆ, ಬೆಳಿಗ್ಗೆ ಎದ್ದರೆ ನೋಡಲು ಒಂದು ಪತ್ರವಿರುತ್ತಿತ್ತು ಎಂಬುದರ ಬಗ್ಗೆ. ಓದಿ ನೋಡಿದಾಗ, ಮುಖ ಕಾಣದ ಮನುಷ್ಯನ ಮೇಲೆ ಇಷ್ಟು ಭಾರ ಹೇರುವುದು ಸರಿಯಲ್ಲ ಅನ್ನಿಸಿತು. ಎಲ್ಲ ಅಳಿಸಿ, ಧನ್ಯವಾದ, ನಿಮಗೆ ಒಳ್ಳೆಯದಾಗಲಿ ಎಂದಷ್ಟೇ ಕಳಿಸಿದೆ. ಆ ಮೇಲೆ ಬಹಳ ದಿನ ಕಂಪ್ಯೂಟರ್ ತೆರೆಯಲು ಮನಸ್ಸಾಗಲಿಲ್ಲ.

ಈಗ ಬ್ರಹ್ಮಾವರದ ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕದ ಕೆಲಸ ಸಿಕ್ಕಿದೆ. ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ. ಅಲ್ಲಿನವರು ಒಳ್ಳೆಯವರು, ಊಟದ ಡಬ್ಬಿ ಒಟ್ಟಿಗೇ ಬಿಚ್ಚುತ್ತೇವೆ. ಆದರೆ ಆರ್, ಪೈಥಾನ್ ಎಂದರೆ ಯಾರಿಗೂ ಬೇಕಾಗಿಲ್ಲ. ಹೊಸ ತಂಡದವರು ಚುರುಕು. ಪತ್ರಗಿತ್ರ ಬರೆಯುವವರಲ್ಲ, ತಿದ್ದಿದ್ದು ಸರಿಯಿದ್ದರೆ ಒಂದು ಗುರುತು ಒತ್ತಿ ಮುಂದೆ ಹೋಗುತ್ತಾರೆ. ಬಳಸುವವರ ಪ್ರಶ್ನೆಗಳಲ್ಲಿ ಆ ಅಧ್ಯಾಯಕ್ಕೆ ಸಂಬಂಧಪಟ್ಟವು ಬಂದರೆ ನನ್ನ ಕಡೆಗೆ ದಾಟಿಸುತ್ತಾರೆ.

ಕಳೆದ ವಾರ ಯಾವುದೋ ದೇಶದ ಒಬ್ಬರು, ತಾವು ಆಸ್ಪತ್ರೆಯೊಂದರಲ್ಲಿ ಅಂಕಿಅಂಶ ನೋಡುವವರೆಂದು ಪರಿಚಯ ಹೇಳಿಕೊಂಡು, ಎರಡು ದಿನದಿಂದ ಒಂದೇ ಕಡೆ ನಿಂತಿದ್ದೇನೆ, ಕೇಳಲು ಇಲ್ಲಿ ಯಾರೂ ಇಲ್ಲ ಎಂದು ಬರೆದಿದ್ದರು. ಪರದೆಯ ಮೇಲೆ ಏನು ಕಾಣುತ್ತಿದೆಯೋ ಇದ್ದ ಹಾಗೆಯೇ ಕಳಿಸಿ ಎಂದು ಉತ್ತರಿಸಿದೆ. ಕಳಿಸಿದರು. ಅವರು ನಿಂತಿದ್ದ ಸಾಲು ನನ್ನ ಪುಟದಲ್ಲಿ ಸರಿಯಾಗಿಯೇ ಇತ್ತು, ಆದರೆ ಅದಕ್ಕೂ ಮೊದಲು ಇನ್ನೊಂದು ಸಾಲು ಬೇಕಿತ್ತು. ಅದನ್ನು ಬರೆದುಕೊಟ್ಟು, ಪುಟದಲ್ಲೂ ಸೇರಿಸಿದೆ. "ಆಯಿತು, ಓಡಿತು" ಎಂದು ಒಂದೇ ಸಾಲು ಬಂತು. ಮತ್ತೇನಾದರೂ ಬರುತ್ತದೋ ಎಂದು ಸ್ವಲ್ಪ ಹೊತ್ತು ನೋಡಿದೆ. ಬರಲಿಲ್ಲ. ಒಗೆದ ಬಟ್ಟೆ ಒಣಗಿತ್ತು, ಎದ್ದು ಒಳಗೆ ತಂದು ಮಡಚಿಟ್ಟೆ.